ಸುದ್ದಿ ಮುಟ್ಟೂದರೊಳಗ

ಮೂವತ್ತೊಂದು ವರ್ಷಾತು ಲೇಥಿನ ಮುಂದ ನಿಂತು.
ತಾರಿಹಾಳದಾಗ ನಮ್ಮದು ಸಣ್ಣ ಶೆಡ್ಡು,
ಬೋರ್ಡಿನ ಮ್ಯಾಲ ಪತ್ತಾರ ಇಂಜಿನಿಯರಿಂಗ್ ವರ್ಕ್ಸ್,
ಒಳಗ ಇಂಜಿನಿಯರ್ ಒಬ್ಬರೂ ಇಲ್ಲ.
ಕಬ್ಬಿಣ ಕೊರದ್ರ ಕಾಯತೈತಿ, ನೀಲಿ ಆಗತೈತಿ,
ಮಜ್ಜಿಗಿಯಂಥಾ ಕೂಲಂಟು ಸುರದರೂ ಹೊಗಿ ಏಳತೈತಿ.
ತೂತು ಬಿದ್ದಮ್ಯಾಲ ಅದರ ತುಟಿಗೆ ಮುಳ್ಳು,
ಬರ್ರು ಅಂತೀವಿ ನಾವು.
ಅದನ್ನ ಅರ ಹಾಕಿ ತಿಕ್ಕೂದರಾಗ
ಅರ್ಧಾ ಆಯುಷ್ಯ ಹೋತು.

ಧಾರವಾಡದ ಫರ್ಜಾನಾ ಸವಣೂರ ಮೇಡಮ್ಮಿಗೆ
ಸ್ಟೀಲಿನ ಫ್ಲ್ಯಾಂಜು ಬೇಕಾಗಿತ್ತು, ಎರಡು.
ಪೇಪರಿನ್ಯಾಗ ಸುತ್ತಿ, ಕೂಸಿನ ಹಂಗ ತೊಡಿಮ್ಯಾಲ ಇಟಗೊಂಡು
ಚಿಗರಿ ಬಸ್ಸಿನ್ಯಾಗ ಹೋದೆ.
ನವಲೂರ ಬರೂದರಾಗ ಬಾಜೂಕಿನಾಂವ ಕೇಳಿದ:
ಏನ್ರಿ ಅದು, ಕುಕ್ಕರಿನ ಮುಚ್ಚಳ?
ಹೌದು ಅಂದೆ.
ಒಳಗ ಗಾಳೀನ ಇರಬಾರದಂಥ ಕುಕ್ಕರು.

ಕತ್ತಲ ಖೋಲಿ. ಗಾಳಿ ಮ್ಯಾಲ ತೇಲೂ ಮೇಜು.
ಚಪ್ಪಲಿ ಬಿಚ್ಚಿಸಿದ್ರು, ಹಸರ ಕನ್ನಡಕ ಹಾಕಿಸಿದ್ರು,
ಉಂಗರ ತಗೀರಿ ಅಂದ್ರು. ಅದರ ಮ್ಯಾಲ ಬೆಳಕು ಜಿಗಿದ್ರ
ಯಾರ ಕಣ್ಣಿಗೆ ಹೋಗತೈತೋ ಹೇಳಾಕ ಬರಂಗಿಲ್ಲಂತ.

ಒಂದು ಸೆಕೆಂಡು ತೊಗೋರಿ ಮೌನೇಶಣ್ಣ, ಸಾವಿರ ಪಾಲು ಮಾಡ್ರಿ.
ಒಂದು ಪಾಲು ಎತ್ರಿ. ಅದನ್ನೂ ಸಾವಿರ ಮಾಡ್ರಿ.
ಹಿಂಗ ಐದು ಸಲ.
ಮೂರನೇ ಸಲಕ್ಕ ನನ್ನ ಚಾಕು ಮೊಂಡಾತು.
ಕಡೀಕ ಉಳಿದ ಪುಡಿಯೊಳಗ ಮೂವತ್ತು ಕಾಳು,
ಅಷ್ಟ ಹೊತ್ತಿನ ಬೆಳಕು.
ಮಲಗಿಸಿ ಅಳದ್ರ ಕೂದಲಿನ ದಪ್ಪಕ್ಕಿಂತ ಗಿಡ್ಡ.

ಹುಟ್ಟಿದಾಗ ಅದು ಬಡಕಲು.
ಶಾವಿಗಿ ಹೊಸದಂಗ ಎಳದು ಉದ್ದ ಮಾಡತಾರ,
ಎಳಿ ಎಳಿಗೂ ಉಣಸತಾರ
(ಗಿಡ್ಡ ಇದ್ದಾಗನ ಉಣಸಿದ್ರ ಉಣಸೂ ಹರಳ ಒಡೀತೈತಂತ),
ಆಮ್ಯಾಲ ಮತ್ತ ಒಟ್ಟು ಮಾಡಿ ಸಾಸಿವಿ ಕಾಳು.
ಅದನ್ನ ಬಯಲಿನ್ಯಾಗ ಒಂದು ಚುಕ್ಕಿಗೆ ತಂದ್ರ
ಗಾಳೀನ ಹರೀತೈತಿ. ಚಟ್. ಚಟ್.
ಎಣ್ಣಿಯಿಲ್ಲ, ಬತ್ತಿಯಿಲ್ಲ, ನೀಲಿ ಕಿಡಿ.
ಅದಕ್ಕ ನನ್ನ ಕುಕ್ಕರು.

ಹಳೇ ಡಬ್ಬಿಯೊಳಗ ಹಿತ್ತಾಳಿ ತಗಡು ಇಟ್ರು.
ಪರದೆ ಮ್ಯಾಲ ನೋಡಿದೆ.
ತೂತು.
ಕಾದಿಲ್ಲ, ನೀಲಿ ಇಲ್ಲ, ತುಟಿಗೆ ಮುಳ್ಳಿಲ್ಲ.
ಹೆಂಗ್ರಿ ಮೇಡಮ್ಮ?
ಕಾಯಾಕ ಹೊತ್ತು ಸಿಗಲಿಲ್ಲ, ಅಂದ್ರು.
ಬೆಳಕು ಮೊದಲ ಎಲೆಕ್ಟ್ರಾನಿಗೆ ಹತ್ತತೈತಿ, ಅವು ಬೆಂಕಿ ಆಗತಾವ,
ಮನಿ ಯಜಮಾನ ಅಣು ಇನ್ನೂ ತಣ್ಣಗ ಕುಂತಿರತೈತಿ.
ಅದಕ್ಕ ಸುದ್ದಿ ಮುಟ್ಟೂದರೊಳಗ ಬೆಳಕು ಹೋಗಿಬಿಟ್ಟಿರತೈತಿ.
ಮುಟ್ಟಿದಮ್ಯಾಲ ಕರಗಿ ಹರಿಯೂದಿಲ್ಲ ಅದು,
ಮನಿಗೆ ಮನೀನ ಎದ್ದು ಹಾರತೈತಿ.

ನಾ ಸುಮ್ಮನಾದೆ.
ಎಡಗೈ ತೋರಬಟ್ಟು ಅರ್ಧಾ ಇಲ್ಲ ನನಗ.
ಎರಡು ಸಾವಿರದ ಏಳು, ಶ್ರಾವಣ, ಚಕ್ಕಿನ ಬಾಯಿಗೆ ಹೋತು.
ಮೊದಲ ಕಂಡಿದ್ದು ಕೆಳಗ,
ಕಬ್ಬಿಣದ ಸುರುಳಿ ನಡುವ ಬಿದ್ದ ತುದಿ, ಉಗುರ ಸಮೇತ.
ಯಾರದಿದು, ಅಂದೆ. ಖರೇನ ಹಂಗ ಅಂದೆ.
ನೋವು ಇನ್ನೂ ದಾರ್ಯಾಗಿತ್ತು.
ಆ ನಡುವಿನ ಹೊತ್ತಿನ್ಯಾಗ ನಾ ಪೂರ್ತಿ ಇದ್ದೆ,
ಹತ್ತೂ ಬಟ್ಟಿನ ಮನಷ್ಯಾ.
ಅದೇನು ಮೇಡಮ್ಮನ ಲೆಕ್ಕದ ಹೊತ್ತಲ್ಲ, ಭಾಳ ಜಾಸ್ತಿ, ಒಂದು ಉಸರಿನಷ್ಟು.
ಆದರ ಆ ಊರಿಗೆ ನಾ ಹೋಗಿ ಬಂದೇನಿ.
ಇದನ್ನ ಅವರಿಗೆ ಹೇಳಲಿಲ್ಲ.

ತಗಡು ಕೊಟ್ರು, ಕಿಸೆದಾಗ ಇಟಗೊಂಡೆ.
ಹೊರಡೂ ಮುಂದ ಅಂದ್ರು: ಒಂದು ಫ್ಲ್ಯಾಂಜಿನ ಒಳ ಅಂಚಿಗೆ
ಬರ್ರು ಉಳದೈತ್ರಿ, ಅಷ್ಟರಿಂದನ ಗಾಳಿ ಸೋರತೈತಿ.
ವಾಪಸ್ ತಂದೆ.

ಸಂಜಿಗೆ ತಾರಿಹಾಳದಾಗ ಕರೆಂಟ್ ಇರಲಿಲ್ಲ.
ಕಿಡಕಿ ಹಂತ್ಯಾಕ ಸ್ಟೂಲು ಹಾಕಿ ಅರ ಹಿಡದು ಕುಂತೆ.
ತಿಕ್ಕೂದು, ಸವರೂದು, ಮತ್ತ ತಿಕ್ಕೂದು.
ಬರ್ರು ಹುಡಕೂದು ಆ ಮೋಟ ಬಟ್ಟಿಲೇನ,
ಉಳಿದ ಒಂಬತ್ತಕ್ಕ ಅಷ್ಟು ತಿಳಿಯಂಗಿಲ್ಲ.